ಸೀಟಿಗೊಂದು ತತ್ವ

ಕಲ್ಯಾಣದಿಂದ ಹೊರಡುವ ಬೆಳಗಿನ ಲೋಕಲ್ ರೈಲಿನಲ್ಲಿ ದಿನಕ್ಕೊಂದು ಜಗಳ ಗ್ಯಾರಂಟಿ. ನನ್ನ ಜಗಳಗಳೆಲ್ಲ ಒಬ್ಬರ ಜೊತೆಗೇ. ದಿನಾ ಒಟ್ಟಿಗೆ ಕೆಲಸಕ್ಕೆ ಹೋಗುವ ನಮ್ಮ ಗುಂಪಿನ ಹಿರಿಯರು, ಕುಂದಾಪುರದ ಕಡೆಯವರು, ಬಾಯಿ ತೆರೆದರೆ ತತ್ವ. ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ಥಾಣೆ ಬಂತು

ನಮ್ಮ ಗುಂಪಿನಲ್ಲೊಂದು ಪದ್ಧತಿ: ಕಲ್ಯಾಣದಿಂದ ಕೂತು ಬಂದವರು ಥಾಣೆಯಲ್ಲಿ ಎದ್ದು, ನಿಂತ ಗೆಳೆಯರಿಗೆ ಸೀಟು ಬಿಡಬೇಕು. ಅವತ್ತು ಅವರು ಕಿಟಕಿ ಪಕ್ಕ ಕೂತಿದ್ದರು, ನಾನು ನಿಂತಿದ್ದೆ. ಥಾಣೆ ಬಂತು. ಅವರು ಏಳಲಿಲ್ಲ.

"ಸಾರ್, ಥಾಣೆ!" ಎಂದೆ.

"ಮಲಗಿದವರನ್ನು ಎಬ್ಬಿಸ್ಬಾರ್ದು ಮಾರಾಯ್ರೆ, ಅದು ಮಾನವೀಯತೆಯ ತತ್ವ," ಎಂದರು, ಕಣ್ಣು ಮುಚ್ಚಿಕೊಂಡೇ.

೨. ಹಿರಿತನ

ಮರುವಾರ ಅವರು ತಡವಾಗಿ ಬಂದರು. ಸೀಟು ನನಗೆ ಸಿಕ್ಕಿತ್ತು. "ಹಿರಿಯರನ್ನು ನಿಲ್ಲಿಸಿ ಕೂತ್ಕೊಳ್ಳುದು ಯಾವ ತತ್ವ?" ಎಂದರು. ನಾಚಿಕೆಯಾಗಿ ಎದ್ದುಕೊಟ್ಟೆ. ಡೊಂಬಿವಲಿಯಲ್ಲಿ ನಮಗೆ ಪರಿಚಯದ ಮುದುಕನೊಬ್ಬ ಹತ್ತಿದ. ವಿಜಯಪುರದವನು, ಕಳಂಬೋಲಿಯಲ್ಲಿ ಕಬ್ಬಿಣ ಹೊರುವ ಕೆಲಸ. ಇವರಿಗಿಂತ ಹತ್ತು ವರ್ಷವಾದರೂ ದೊಡ್ಡವನು.

"ಈಗ ನೀವು ಏಳಿ," ಎಂದೆ.

"ಅದು ನಮ್ಮ ಗುಂಪಿನ ಒಳಗಿನ ತತ್ವ."

ನನಗೆ ಸಿಟ್ಟು ನೆತ್ತಿಗೇರಿತು. ಮುದುಕನೇ ಸಮಾಧಾನ ಮಾಡಿದ: "ಬಿಡ್ರೀ ಸಾಹೇಬ್ರ. ಪಾಪ, ಅವರಿಗೆ ನಿಂತು ರೂಢಿ ಇಲ್ಲ."

೩. ನನ್ನ ಕಾಲು

ಕಳೆದ ತಿಂಗಳು ಸ್ಟೇಷನ್ ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿತು. ನೆಲಕ್ಕೂರಿದರೆ ಜೀವ ಹೋಗುವಷ್ಟು ನೋವು, ರಜೆ ಮಾತ್ರ ಮುಗಿದಿತ್ತು. ಪಟ್ಟಿ ಕಟ್ಟಿಕೊಂಡು ಹತ್ತಿದವನು ಅವರ ಬಳಿ ಸೀಟು ಕೇಳಿದೆ. ಉಳಿದ ಗೆಳೆಯರು ನೂಕುನುಗ್ಗಲಿನಲ್ಲಿ ಇನ್ನೊಂದು ಬಾಗಿಲ ಕಡೆ ಸಿಕ್ಕಿಕೊಂಡಿದ್ದರು.

"ಒಬ್ಬರಿಗೆ ವಿನಾಯಿತಿ ಕೊಟ್ರೆ ತತ್ವ ಉಳೀತದಾ? ಎಲ್ಲರೂ ಸಮಾನ," ಎಂದರು. ಥಾಣೆ ಬರುವಷ್ಟರಲ್ಲಿ ಮಾನವೀಯತೆ ಮತ್ತೆ ಕಣ್ಣು ಮುಚ್ಚಿತ್ತು. ದಾದರ್‌ವರೆಗೆ ಒಂಟಿ ಕಾಲಲ್ಲಿ ನಿಂತೆ.

ಮರುದಿನ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲೇ, ಗುಂಪಿನ ಎದುರಿಗೇ, ಅವರನ್ನು ಹಿಡಿದೆ.

"ಗಾಡಿ ಇನ್ನೂ ಬಂದಿಲ್ಲ. ಇವತ್ತು ಯಾರಿಗೆ ಸೀಟು ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ಸೀಟು ಮೊದಲು ಹತ್ತಿದವರಿಗಾ, ಹಿರಿಯರಿಗಾ, ಕಾಲು ನೋವಿನವರಿಗಾ? ನಿಮ್ಮ ತತ್ವ ಯಾವುದು, ಈಗಲೇ ಹೇಳಿ. ನಾಳೆಯೂ ಅದೇ, ನಾಡಿದ್ದೂ ಅದೇ!" ಎಂದು ಕೂಗಾಡಿದೆ.

ಅವರು ಕನ್ನಡಕ ಒರೆಸಿಕೊಂಡರು. ನನ್ನ ಕಾಲಿನ ಪಟ್ಟಿ ನೋಡಿದರು. ಹಳಿಯ ಕಡೆ ನೋಡಿದರು.

"ಅವಸರ ಎಂತಕ್ಕೆ ಮಾರಾಯ್ರೆ? ಮೊದಲು ಗಾಡಿ ಬರ್ಲಿ. ಬಾಗಿಲು ಯಾರ ಎದುರು ನಿಲ್ತದೆ ನೋಡಿ ಹೇಳ್ತೇನೆ."