ಎಡಕ್ಕೆ ತಿರುಗಿಸಿದರೆ ಹಾರ್ನ್

ಮನುಷ್ಯನಿಗೆ ಹೊಟ್ಟೆನೋವು ಬಂದರೆ ನೋವು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾನೆ. ಅವನ ಕಾರಿಗೆ ಏನಾದರೂ ಆದರೆ ಬೆರಳು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ, ಬಾಯಲ್ಲಿ ಶಬ್ದ ಮಾಡಿ ತೋರಿಸುತ್ತಾನೆ. ಇದು ಅಪರೂಪಕ್ಕೆ ಆಗುವ ಸಂಗತಿ ಅಂತ ನಾನು ಮೊದಲು ತಿಳಿದಿದ್ದೆ. ಮುಂಬಯಿ ಪಕ್ಕದ ಠಾಣೆ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮಧ್ಯಾಹ್ನದ ಊಟದ ಹೊತ್ತು ಬಿಟ್ಟರೆ ಬಾಕಿ ಎಲ್ಲ ಹೊತ್ತಿನಲ್ಲೂ ಆಗುತ್ತದೆ ಅಂತ ಗೊತ್ತಾಯಿತು. ಎಪ್ಪತ್ತು, ಎಂಬತ್ತರ ದಶಕವನ್ನೆಲ್ಲ ನಾನು ಆ ಕೌಂಟರಿನ ಹಿಂದೆಯೇ ಕಳೆದೆ.

ನಾನು ವಿಜಾಪುರದ ಕಡೆಯವನು. ಅಂಗಡಿಯ ಯಜಮಾನರು ಗುಜರಾತಿನ ಕಚ್ಛದ ಕಡೆಯ ಸೇಟ್. ಸೇರಿದ ದಿನ ಅವರು ನನಗೆ ಕಲಿಸಿದ್ದು ಒಂದೇ ಪಾಠ. "ಗಿರಾಕಿ ಶಬ್ದ ಮಾಡುವಾಗ ನಗಬಾರದು. ನಕ್ಕರೆ ಅವನು ಎದುರಿನ ಅಂಗಡಿಗೆ ಹೋಗಿ ಅಲ್ಲಿ ಶಬ್ದ ಮಾಡುತ್ತಾನೆ."

ಶ್ರುತಿ

ಧಾರವಾಡದ ಕಡೆಯ ಒಬ್ಬ ಸಂಸ್ಕೃತ ಪ್ರೊಫೆಸರರು ಠಾಣೆಯಲ್ಲಿದ್ದರು. ಪಂಚೆ, ಕೋಟು, ಹಣೆಗೆ ಗಂಧ. ಒಂದು ದಿನ ಬಂದು ಕೌಂಟರಿನ ಮುಂದೆ ನಿಂತು, ಆಚೀಚೆ ನೋಡಿ, ಸಣ್ಣ ದನಿಯಲ್ಲಿ "ಕಿರ್ರ್" ಅಂದರು.

ಸೇಟ್‌ಗೆ ಕಿವಿ ಸ್ವಲ್ಪ ಮಂದ. "ಜೋರ್ ಸೇ ಬೋಲಿಯೇ" ಅಂದರು.

ಪ್ರೊಫೆಸರರು ಕಣ್ಣು ಮುಚ್ಚಿಕೊಂಡು ಜೋರಾಗಿ "ಕಿರ್ರ್ರ್, ಕಟ್ ಕಟ್" ಅಂದರು. ಬಸ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಒಬ್ಬ ಅಲ್ಲಿಂದಲೇ "ಫ್ಯಾನ್ ಬೆಲ್ಟ್" ಅಂದ. ಇನ್ನೊಬ್ಬ "ಛೇ, ಡೈನಮೋ" ಅಂದ. ಪ್ರೊಫೆಸರರು ಎರಡನೇ ಸಲ ಮಾಡಿ ತೋರಿಸಿದರು. ಅಷ್ಟರಲ್ಲಿ ಕಾರಿನಲ್ಲಿ ಕೂತಿದ್ದ ಅವರ ಹೆಂಡತಿ ಇಳಿದು ಬಂದರು.

"ಏನ್ ಮಾಡ್ಲಿಕ್ಕತ್ತೀರಿ? ಅದು ಹಂಗ ಎಲ್ಲಿ ಬರ್ತದ? ನೀವು ಭಾಳ ಕೆಳಗ ಹಿಡದೀರಿ" ಅಂತ ಗಂಡನಿಗೆ ಹೇಳಿ, ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಆ ಶಬ್ದ ತೆಗೆದರು. ಆಕೆ ಸಂಗೀತ ಕಲಿತವರು. ಕಾರೇ ಅಂಗಡಿಯ ಒಳಗೆ ಬಂದಂತಾಯಿತು.

ಸೇಟ್ ತಲೆ ಎತ್ತದೆ "ವಾಟರ್ ಪಂಪ್" ಅಂದರು. ನೋಡಿದರೆ ವಾಟರ್ ಪಂಪೇ.

ಅಂದಿನಿಂದ ಕಾರಿಗೆ ಏನೇ ಆಗಲಿ, ಪ್ರೊಫೆಸರರು ಹೆಂಡತಿಯನ್ನೇ ಕಳಿಸುತ್ತಿದ್ದರು. ಆಕೆ ಮಾಡಿದ ಶಬ್ದ ಒಂದು ಸಲವೂ ತಪ್ಪಾಗಲಿಲ್ಲ. ಒಂದು ದಿನ ಬಂದವರು ಕೌಂಟರಿನ ಮುಂದೆ ಸುಮ್ಮನೆ ನಿಂತರು. ನಾನು ಕಾದೆ. ಸೇಟ್ ಕಿವಿಗೆ ಕೈ ಕೊಟ್ಟು ಮುಂದೆ ಬಗ್ಗಿದರು. ಆಕೆ ತುಟಿ ಬಿಗಿ ಹಿಡಿದು ನಿಂತೇ ಇದ್ದರು.

"ಅಮ್ಮಾ, ಶಬ್ದ?" ಅಂದೆ.

"ಅಷ್ಟ ರೀ" ಅಂದರು ಆಕೆ. "ಕೀಲಿ ತಿರುವಿದರ ಈಗ ಹಿಂಗ ಮಾಡ್ಲಿಕ್ಕತ್ತದ."

ಬೆಳಗಿನ ಸಹಕಾರ

ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವರೊಬ್ಬರು ಹಳೇ ಕಾರು ಕೊಂಡರು. "ಬೆಳಗ್ಗೆ ಎಬ್ಬಿಸಿದ ಕೂಡಲೇ ಓಡಿಸಬೇಡಿ. ಸ್ವಲ್ಪ ಹೊತ್ತು ಇಂಜಿನ್ ಬಿಸಿಯಾಗಲಿ" ಅಂತ ನಾನೇ ಸಲಹೆ ಕೊಟ್ಟಿದ್ದೆ.

ಹೋಟೆಲಿನವರಿಗೆ ಬೆಳಗ್ಗೆ ಅಂದರೆ ಕೋಳಿ ಕೂಗುವ ಮುಂಚೆ. ಇವರು ನಮ್ಮ ಸಲಹೆಯನ್ನು ನಿಷ್ಠೆಯಿಂದ ಪಾಲಿಸಿದರು. ಕಟ್ಟಡದ ಕೆಳಗೆ ಕಾರು ಗುರ್ ಗುರ್ ಅಂತ ಬಿಸಿಯಾಗುತ್ತಿದ್ದರೆ ಮೇಲಿನ ಮೂರು ಮಹಡಿಯವರೂ ಬಿಸಿಯಾದರು. ಸೊಸೈಟಿಯಲ್ಲಿ ಮೀಟಿಂಗ್ ಆಯಿತು. ಇಂಜಿನ್ ಶುರು ಮಾಡುವುದಾದರೆ ಗೇಟಿನ ಹೊರಗೆ ಅಂತ ತೀರ್ಮಾನವಾಯಿತು.

"ಗೇಟಿನವರೆಗೆ ನಾನೊಬ್ಬ ತಳ್ಳುವುದು ಹೇಗೆ?" ಅಂತ ಇವರು ಕೇಳಿದರು. ನಿದ್ದೆ ಉಳಿದರೆ ಸಾಕು ಅಂತ ಮೊದಲ ಮಹಡಿಯ ನಾಲ್ಕು ಜನ ಒಪ್ಪಿಕೊಂಡರು. ಬೆಳಗ್ಗೆ ಬನಿಯನ್ ಹಾಕಿಕೊಂಡು ಇಳಿದು ಬಂದು, ಕಾರನ್ನು ಸದ್ದಿಲ್ಲದೆ ಗೇಟಿನ ಹೊರಗಿನ ಇಳಿಜಾರಿನವರೆಗೆ ತಳ್ಳಿ, ಹೋಗಿ ಮತ್ತೆ ಮಲಗುತ್ತಿದ್ದರು. ಅವರಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರ್.

ಮಳೆಗಾಲ ಮುಗಿದ ಮೇಲೆ ಇವರು ವೈಪರ್ ಬ್ಲೇಡಿಗೆ ಅಂತ ಅಂಗಡಿಗೆ ಬಂದರು. "ನಿಮ್ಮ ಬ್ಯಾಟರಿ ಹಳೇದು. ಚಳಿಗಾಲ ತಡೆಯೋದಿಲ್ಲ. ಹೊಸತು ಹಾಕಿಸಿಬಿಡಿ" ಅಂದೆ.

ಅವರು ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿ, ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದರು. "ಎಂತ ಮಾರಾಯ್ರೇ, ಬ್ಯಾಟರಿ ಸತ್ತು ಮೂರು ತಿಂಗಳಾಯ್ತು. ಈಗ ಹೊಸತು ಹಾಕಿದ್ರೆ ತಳ್ಳುವವರಿಗೆ ಬೇಜಾರಾಗ್ತದೆ."

ಸೀಟ್ ಕವರ್

ಠಾಣೆಯ ಒಬ್ಬ ಸರ್ಕಾರಿ ಅಧಿಕಾರಿಗೆ ಕಾರಿನ ಮೇಲೆ ಬಹಳ ಪ್ರೀತಿ. ಸವೆದೀತು ಅಂತ ಹೊರಗೆ ತೆಗೆಯುತ್ತಿರಲಿಲ್ಲ. ಯಾವಾಗಲೂ ಹೊದಿಕೆ ಹೊದಿಸಿ ನಿಲ್ಲಿಸಿರುತ್ತಿದ್ದರು. ನಿಂತ ಕಾರಿಗೆ ಇಲಿ ಸೇರಿತು, ವೈರು ತಿಂದಿತು. ವೈರು ಕೊಟ್ಟೆ. ಅದನ್ನೂ ತಿಂದಿತು.

"ವಾರಕ್ಕೊಮ್ಮೆಯಾದರೂ ಓಡಿಸಿ ಸಾಹೇಬರೇ, ಇಲಿ ತಾನಾಗಿ ಹೋಗ್ತದೆ" ಅಂದೆ.

"ಓಡಿಸೋದಾ? ರಸ್ತೆ ಮೇಲಾ?" ಅಂದರು, ನಾನೇನೋ ಕೆಟ್ಟದ್ದು ಹೇಳಿದ ಹಾಗೆ.

ಕೊನೆಗೆ ಕಾರಿನಲ್ಲಿ ಒಂದು ಬೆಕ್ಕು ಬಿಟ್ಟರಂತೆ. ಇಲಿಯ ಕಾಟ ತಪ್ಪಿತು. ಸ್ವಲ್ಪ ದಿನದ ಮೇಲೆ ಹಿಂದಿನ ಸೀಟಿಗೆ ಮೆತ್ತನೆಯ ಕವರ್ ಬೇಕು ಅಂತ ಬಂದರು. ನನಗೆ ಸಂತೋಷವಾಯಿತು. ಅಂತೂ ಮನೆಯವರನ್ನು ಕೂರಿಸಿಕೊಂಡು ಎಲ್ಲಿಗೋ ಹೊರಟಿದ್ದಾರೆ ಅಂದುಕೊಂಡೆ. "ಕಾರು ಇಲ್ಲಿಗೇ ತಂದಿದ್ದರೆ ಅಳತೆ ನೋಡಿ ಹಾಕಿಕೊಡ್ತಿದ್ದೆ" ಅಂದೆ.

"ಹೇಗೆ ತರಲಿ?" ಅಂದರು. "ಮರಿಗಳು ಮಲಗಿವೆ."

ಹಗ್ಗ

ಕಲ್ಯಾಣದಲ್ಲಿ ಮಂಗಳೂರು ಕಡೆಯ ಒಬ್ಬ ಡಾಕ್ಟರಿದ್ದರು. ದವಾಖಾನೆ ಅಷ್ಟಾಗಿ ನಡೆಯುತ್ತಿರಲಿಲ್ಲ. ಕಾರೂ ನಡೆಯದೇ ಹೋಯಿತು. ಕ್ಲಚ್ ಪ್ಲೇಟ್ ಮುಗಿದಿತ್ತು. ಕಾಲನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಳ್ಳಬೇಡಿ ಅಂತ ಅವರಿಗೆ ಎಷ್ಟು ಸಲ ಹೇಳಿದ್ದೆನೋ. ರೋಗಿಗಳು ಅವರ ಮಾತು ಕೇಳುವ ಹಾಗೆಯೇ ಅವರೂ ನನ್ನ ಮಾತು ಕೇಳುತ್ತಿದ್ದರು.

ನಮಗೆ ಸಾಮಾನು ತರುವ ಟೆಂಪೋದವನು ಅಂದು ಕಲ್ಯಾಣದಲ್ಲಿದ್ದ. ಕಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಾ ಅಂತ ಸೇಟ್ ಫೋನ್ ಮಾಡಿದರು. ಡಾಕ್ಟರು ಸ್ಟೀರಿಂಗ್ ಹಿಡಿದು ಕಾರಿನಲ್ಲಿ ಕೂತರು, ಟೆಂಪೋ ಎಳೆಯಿತು.

ಮಧ್ಯಾಹ್ನ ಟೆಂಪೋ ಅಂಗಡಿಯ ಮುಂದೆ ಬಂದು ನಿಂತಿತು. "ಗಾಡಿ ಲಾಯಾ, ಸೇಟ್" ಅಂತ ಡ್ರೈವರ್ ಹೆಮ್ಮೆಯಿಂದ ಹಿಂದಕ್ಕೆ ಕೈ ತೋರಿಸಿದ. ಹಿಂದೆ ಮೊಳದುದ್ದ ಹಗ್ಗ ಜೋತಾಡುತ್ತಿತ್ತು.

"ಡಾಕ್ಟರ್ ಎಲ್ಲಿ?" ಅಂದೆ.

ಅವನು ಇಳಿದು ಹಗ್ಗವನ್ನು ಎತ್ತಿ ನೋಡಿದ. "ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ" ಅಂದ.

ಅದೇ ಟೆಂಪೋದಲ್ಲಿ ನನ್ನನ್ನು ವಾಪಸು ಕಳಿಸಿದರು. ಮುಂಬ್ರಾ ದಾಟಿದೆವು, ಕಾರಿಲ್ಲ. ಶೀಳ್ ಫಾಟಾ ಅನ್ನುವ ಕವಲುದಾರಿಯ ಹತ್ತಿರ, ಕಟ್ಟಡ ಕಟ್ಟುತ್ತಿದ್ದ ಜಾಗದ ಪಕ್ಕ ಜನ ಸೇರಿತ್ತು. ಅಪಘಾತವೇ ಅಂದುಕೊಂಡೆ. ಓಡಿ ಹೋಗಿ ನೋಡಿದರೆ, ಕಾರಿನ ಬಾನೆಟ್ ಮೇಲೆ ಔಷಧಿ ಪೆಟ್ಟಿಗೆ ತೆರೆದಿಟ್ಟುಕೊಂಡು ಡಾಕ್ಟರು ನಿಂತಿದ್ದಾರೆ, ಮುಂದೆ ಕ್ಯೂ ಇದೆ.

ನಡೆದದ್ದು ಇಷ್ಟು. ಹಗ್ಗ ತುಂಡಾದಾಗ ಡಾಕ್ಟರು ಟೆಂಪೋದವನನ್ನು ಕನ್ನಡದಲ್ಲಿ ಬೈದರು. ಅಲ್ಲಿ ಇಟ್ಟಿಗೆ ಹೊರುತ್ತಿದ್ದವರು ಗುಲ್ಬರ್ಗದ ಕಡೆಯವರು. ಕನ್ನಡದ ಬೈಗುಳ ಕೇಳಿ ಓಡಿ ಬಂದರು. ಕಾರಿನ ಗಾಜಿನ ಮೇಲಿದ್ದ ಡಾಕ್ಟರ ಕೆಂಪು ಕೂಡು ಗುರುತು ನೋಡಿದರು.

"ನನ್ನ ಹೇಣ್ತಿಗಿ ಕೆಮ್ಮ ಭಾಳ ಅದ ರೀ ಸಾಹೇಬ್ರ" ಅಂತ ಒಬ್ಬ ಶುರುಮಾಡಿದ. ಆಮೇಲೆ ಜನ ಬರುವುದು ನಿಂತಿಲ್ಲ.

"ಡಾಕ್ಟ್ರೇ, ಟೆಂಪೋ ಬಂದಿದೆ. ಹೊಸ ಹಗ್ಗ ತಂದಿದ್ದೇವೆ. ಹೊರಡೋಣ" ಅಂದೆ.

ಅವರು ಒಬ್ಬ ಮುದುಕನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ನನ್ನ ಕಡೆ ನೋಡಿದರು. "ಕಾರಿಗೆ ಅಂಥ ಅರ್ಜೆಂಟ್ ಏನಿಲ್ಲ" ಅಂದರು. "ಕೆಮ್ಮಿನವರಿಗೆಲ್ಲ ನಾಡಿದ್ದು ಇಲ್ಲಿಗೇ ಬನ್ನಿ ಅಂದಿದ್ದೇನೆ."

ಎಡ ತಿರುವು

ಒಂದು ಶನಿವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಅಂಬರನಾಥದಿಂದ ಒಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು. ಕುಂದಾಪುರದ ಕಡೆಯವರು, ಅಲ್ಲಿಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಹಳೇ ಕಾರು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಹೊಡೆದುಕೊಳ್ಳುತ್ತದೆ. ಮರುದಿನ ಮಗಳನ್ನು ನೋಡಲು ಬೇಲಾಪುರದಿಂದ ಗಂಡಿನ ಕಡೆಯವರು ಬರುವವರು. ಕಲ್ಯಾಣ ಸ್ಟೇಷನ್ನಿನಿಂದ ಅವರನ್ನು ಇದೇ ಕಾರಿನಲ್ಲಿ ಮನೆಗೆ ಕರೆತರಬೇಕು.

"ಒಳಗಿನ ರಿಂಗ್ ಸವೆದಿದೆ. ಮುಂಬಯಿಂದ ಸೋಮವಾರ ಬರ್ತದೆ. ನಾಳೆ ಮಟ್ಟಿಗೆ ಹಾರ್ನಿನ ವೈರು ಕಿತ್ತುಬಿಡಿ" ಅಂದೆ.

"ಹಾರ್ನ್ ಇಲ್ಲದ ಕಾರಲ್ಲಿ ಬೀಗರನ್ನು ಕರ್ಕೊಂಡು ಬರುದಾ?" ಅಂತ ಅವರು ಗಾಬರಿಯಾದರು. "ಹಿಂದೆ ಎರಡು ಸಂಬಂಧ ಬಂದು ತಪ್ಪಿ ಹೋಗಿದೆ. ನೀವೇ ಬಂದು ಓಡಿಸಿ ಮಾರಾಯ್ರೇ."

ಭಾನುವಾರ ನಾನೇ ಓಡಿಸಿದೆ. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಎಡ ತಿರುವಿಗೆ ಸಮ. ಈ ಲೆಕ್ಕದಲ್ಲಿ ಕಲ್ಯಾಣ ಬಿಟ್ಟೆವು. ಹಿಂದಿನ ಸೀಟಿನಲ್ಲಿ ಗಂಡಿನ ತಂದೆ, ತಾಯಿ, ನಡುವೆ ಮಾತಿಲ್ಲದ ಗಂಡು. ಮುಂದೆ ನನ್ನ ಪಕ್ಕ ಹೆಣ್ಣಿನ ತಂದೆ.

ಉಲ್ಲಾಸನಗರದಲ್ಲಿ ಗಂಡಿನ ತಂದೆ ಕೇಳಿದರು, "ಈ ಹಿಟ್ಟಿನ ಗಿರಣಿ ಆಗಲೇ ಬಂದಿತ್ತಲ್ಲ?"

"ಇಲ್ಲಿ ಗಿರಣಿಗಳು ಜಾಸ್ತಿ" ಅಂದರು ಹೆಣ್ಣಿನ ತಂದೆ.

ಸ್ವಲ್ಪ ಹೊತ್ತಿನ ಮೇಲೆ ಅದೇ ಗಿರಣಿಯವನು ನಮಗೆ ಕೈ ಬೀಸಿದ.

ಅಂತೂ ಅಂಬರನಾಥ ಬಂತು. ಆದರೆ ಅವರ ಮನೆಯ ಗಲ್ಲಿಗೆ ಇದ್ದದ್ದು ಒಂದೇ ದಾರಿ, ಅದು ಎಡಕ್ಕೆ. ನಾನು ಹೆಣ್ಣಿನ ತಂದೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡರು. ತಿರುಗಿಸಿದೆ. ಹಾರ್ನ್ ಶುರುವಾಯಿತು. ಸ್ಟೀರಿಂಗ್ ನೇರ ಮಾಡಿದರೂ ನಿಲ್ಲಲಿಲ್ಲ. ಇಡೀ ಗಲ್ಲಿ ಬಾಗಿಲಿಗೆ ಬಂತು. ನಾಯಿಗಳು ಜೊತೆಗೆ ದನಿಗೂಡಿಸಿದವು. ಹೆಣ್ಣಿನ ತಂದೆ ಆ ಗದ್ದಲದಲ್ಲೇ ಕೈಮುಗಿದು, ಬೀಗರನ್ನು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು.

ಗಂಡು ಮಾತ್ರ ಉಳಿದ. "ನೀವು ಬಾನೆಟ್ ಎತ್ತಿ, ನಾನು ನೋಡ್ತೇನೆ" ಅಂದ. ಅದೇ ಅವನ ಮೊದಲ ಮಾತು. ಬಾನೆಟ್ಟಿಗೆ ಕೊಡುವ ಕಡ್ಡಿ ಮುರಿದಿತ್ತು. ಹಾಗಾಗಿ ನಾನು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು ನಿಂತೆ. ಅವನು ಬಿಳಿ ಅಂಗಿಯ ತೋಳು ಮಡಚಿ ಒಳಗೆ ಬಗ್ಗಿದ. ವೈರು ಹುಡುಕಿ ಕಿತ್ತ. ಲೋಕ ಶಾಂತವಾಯಿತು.

ಆಗ ಅಡುಗೆಮನೆಯ ಬಾಗಿಲು ತೆರೆದು, ರೇಷ್ಮೆ ಸೀರೆ ಉಟ್ಟ ಹುಡುಗಿ ಎರಡು ಗ್ಲಾಸ್ ಚಹಾ ಹಿಡಿದು ಬಂದಳು. ಕಿಟಕಿಯಿಂದ ಅವಳಿಗೆ ಕಂಡದ್ದು ಬಾನೆಟ್ ಮತ್ತು ನಾಲ್ಕು ಕಾಲು. ಮೆಕ್ಯಾನಿಕ್‌ಗಳು ಅಂದುಕೊಂಡಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ನಮ್ಮ ಹತ್ತಿರ ಹಿಂದಿಯಲ್ಲೇ ಮಾತಾಡಿದಳು.

"ಭೈಯಾ, ಯಾಕೆ ನಿಲ್ಲಿಸಿದಿರಿ? ಇನ್ನು ಸ್ವಲ್ಪ ಹೊತ್ತು ಹೊಡೆದಿದ್ದರೆ ಅವರು ಹೆದರಿ ವಾಪಸು ಹೋಗ್ತಿದ್ದರು. ನನ್ನನ್ನು ನೋಡೋಕೆ ಬಂದಿದ್ದಾರೆ."

ನಾನು ಕಣ್ಣು ಮಿಟುಕಿಸಿದೆ, ಹುಬ್ಬು ಹಾರಿಸಿದೆ. ಕೈ ಬಿಟ್ಟರೆ ಬಾನೆಟ್ ಗಂಡಿನ ತಲೆಯ ಮೇಲೆ ಬೀಳುತ್ತಿತ್ತು.

"ಇವರ ಕಣ್ಣಿಗೇನಾಗಿದೆ?" ಅಂತ ಅವಳು ಗಂಡನ್ನೇ ಕೇಳಿದಳು.

"ಧೂಳು ಬಿದ್ದಿರಬೇಕು" ಅಂದ ಅವನು, ತಲೆ ಹೊರಗೆ ತೆಗೆದು. ಅವನೂ ಹಿಂದಿಯಲ್ಲೇ. "ಹುಡುಗ ಹಿಡಿಸಲಿಲ್ಲವಾ?"

"ಇನ್ನೂ ನೋಡೇ ಇಲ್ಲ. ಫೋಟೋ ನೋಡಿದ್ದೇನೆ. ತಲೆ ಇದೆ, ಹೆಗಲಿದೆ, ಕತ್ತೇ ಇಲ್ಲ. ಅಮ್ಮನ್ನ ಕೇಳದೆ ಅಂಗಿಯ ಗುಂಡಿ ಕೂಡ ಹಾಕಲ್ಲವಂತೆ. ಚಹಾ ಕುಡೀರಿ, ಆರಿಹೋಗ್ತದೆ."

ಅವನು ಚಹಾ ತೆಗೆದುಕೊಂಡು ಪೂರ್ತಿ ಕುಡಿದ. ಅವಳು ಖಾಲಿ ಗ್ಲಾಸ್ ಹಿಡಿದು ಒಳಗೆ ಹೋದ ಮೇಲೆ, ನಿಧಾನವಾಗಿ ಕೈ ಎತ್ತಿ ಕತ್ತು ಮುಟ್ಟಿ ನೋಡಿಕೊಂಡ. ಕೈ ತುಂಬ ಗ್ರೀಸ್ ಇತ್ತು.

ನಾವು ಒಳಗೆ ಹೋಗಿ ಕೂತೆವು. ಅವನು ನಲ್ಲಿಯಲ್ಲಿ ಕೈ ತೊಳೆದು ಬಂದು ತಾಯಿಯ ಪಕ್ಕ ಕೂತ. ಹುಡುಗಿ ತಲೆ ತಗ್ಗಿಸಿಕೊಂಡು ಉಪ್ಪಿಟ್ಟಿನ ಟ್ರೇ ತಂದಳು. ಅವನ ಮುಂದೆ ಬಂದು ತಲೆ ಎತ್ತಿದವಳು ಅಲ್ಲೇ ನಿಂತಳು. ತಟ್ಟೆಗಳು ಟ್ರೇಯ ಒಂದು ಬದಿಗೆ ಜಾರಿದವು. ಹೆಣ್ಣಿನ ತಂದೆ ಮೂರನೇ ಸಂಬಂಧವೂ ಹೋಯಿತು ಅನ್ನುವ ಹಾಗೆ ನನ್ನನ್ನು ನೋಡಿದರು.

ಗಂಡಿನ ತಾಯಿಗೆ ಏನೂ ಗೊತ್ತಿಲ್ಲ. "ಯಾಕಮ್ಮ, ಹುಡುಗನ ಹತ್ತಿರ ಏನಾದ್ರೂ ಕೇಳ್ಲಿಕ್ಕುಂಟಾ? ನಾಚಿಕೆ ಬೇಡ, ಕೇಳು" ಅಂದರು.

ಹುಡುಗಿ ಟ್ರೇ ನೇರ ಮಾಡಿಕೊಂಡಳು. "ಕೈ ತೊಳೆದಿದ್ದಾರಾ ಕೇಳಿ" ಅಂದಳು, ಕನ್ನಡದಲ್ಲಿ.

ಗಂಡು ಮೊದಲ ಬಾರಿಗೆ ತಾಯಿಯ ಮುಖ ನೋಡದೆ ಉತ್ತರ ಕೊಟ್ಟ.

"ಕೈ ತೊಳೆದಿದ್ದೇನೆ" ಅಂದ. "ಕತ್ತು ತೊಳೆದಿಲ್ಲ. ಇದೆ ಅಂತ ಗೊತ್ತಾಗಲಿ."

ಹಾರ್ನಿನ ರಿಂಗ್ ಸೋಮವಾರವೇ ಬಂತು. ಹೆಣ್ಣಿನ ತಂದೆ ಅದನ್ನು ಒಯ್ಯಲು ಬರಲೇ ಇಲ್ಲ. ಮದುವೆಯ ಓಡಾಟದಲ್ಲಿ ಪುರುಸೊತ್ತು ಆಗಲಿಲ್ಲವಂತೆ.