ಗಾಳಿ ಹಾಳ ಮಾಡಬ್ಯಾಡ್ರಿ

ನಮ್ಮ ಸಾಹುಕಾರರು ಯಾರ ಜೊತೆ ಮಾತಾಡಿದರೂ ಹೆಗಲ ಮೇಲೆ ಕೈ ಇಡುತ್ತಿದ್ದರು. ಹೊಸಬರು ಕರಗಿಹೋಗುವರು. ಹಳಬರು ಸುಮ್ಮನೆ ನಿಲ್ಲುವರು. ಸಾಹುಕಾರರು ಅಂಗಿಗೆ ಅಂಟಿದ ಅರಳೆ ಆರಿಸುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು. ಭಾಲ್ಕಿಯ ಹತ್ತಿ ಗಿರಣಿ ಅದು. ಆರಿಸಿದ್ದೆಲ್ಲ ಅವರ ಕೋಟಿನ ಜೇಬಿಗೆ. ಅಲ್ಲಿ ಇಂಥವು ನಡೆಯುತ್ತಲೇ ಇದ್ದವು. ನಗಿಸಬೇಕೆಂದು ಯಾರೂ ಮಾಡುತ್ತಿರಲಿಲ್ಲ, ನಕ್ಕ ಮೇಲೆ ಯಾರ ಎದೆಯೂ ಹಗುರಾಗುತ್ತಿರಲಿಲ್ಲ.

ತಲೆದಿಂಬು

ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ದಫ್ತರಗಳಲ್ಲಿ ಉರ್ದು ಹಿಂದೆ ಸರಿದು ಇಂಗ್ಲಿಷ್ ಮುಂದೆ ಬಂತು. ಹೈದರಾಬಾದಿನ ಇಂಗ್ಲಿಷ್ ಸಾಲಿಯಲ್ಲಿ ಕಲಿತ ನನಗೆ ಗಿರಣಿಯಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಟೈಪ್ ಬರುತ್ತಿತ್ತು, ಬಾಯಿ ಬಿಡುವುದು ಬರುತ್ತಿರಲಿಲ್ಲ.

ಹೆಣ್ಣುಮಗಳೆಂದು ಸಾಹುಕಾರರು ನನ್ನನ್ನು ಮುಟ್ಟುತ್ತಿರಲಿಲ್ಲ. ದೂರ ನಿಂತು, "ತಂಗೀ, ನಿನ್ನ ಹೆರಳಿನ್ಯಾಗ ನಮ್ಮ ಹತ್ತಿ ಅದ ನೋಡು," ಅನ್ನುವರು. ನಾನು ತಲೆ ತಗ್ಗಿಸಿ ತೆಗೆದು ಕೊಡುತ್ತಿದ್ದೆ.

ದೀಪಾವಳಿಗೆ ನನಗೊಂದು ತಲೆದಿಂಬು ಇನಾಮು ಕೊಟ್ಟರು. ಅವ್ವ ಒತ್ತಿ ನೋಡಿ, "ಭಾಳ ಮೆತ್ತಗದ," ಎಂದು ಹಿಗ್ಗಿದಳು. ಆಮೇಲೆ ಹೊಲಿಗೆಯ ಸಂದಿಯಿಂದ ಉದ್ದನೆಯ ಕೂದಲೊಂದನ್ನು ಎಳೆದಳು. ನನ್ನದೇ.

ಎರಡು ಕಾಲು

ದಫ್ತರದ ಮಾಡಿಗೆ ಬಟ್ಟೆಯ ಪಂಖಾ ತೂಗಿತ್ತು. ಮುದುಕ ಚಾಚಾ ಬಾಗಿಲ ಹೊರಗೆ ಕೂತು ಅದರ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದರು.

ಒಂದು ದಿನ ಸಾಹುಕಾರರು ನಿಂತು ನೋಡಿದರು. "ಚಾಚಾ, ಆ ಕಾಲು ಸುಮ್ಮನ ಕುಂತದಲ್ಲೋ."

ಗೋಡೆಯಾಚೆ ಸಾಹುಕಾರರ ಮನೆ, ಅಲ್ಲಿ ಮೊಮ್ಮಗನ ತೊಟ್ಟಿಲು. ಕಿಟಕಿಯಿಂದ ಇನ್ನೊಂದು ಹಗ್ಗ ಬಂತು, ಸುಮ್ಮನಿದ್ದ ಕಾಲಿಗೆ. ಕೂಸು ಚೀರಿದರೆ ಚಾಚಾ ಗಾಬರಿಯಾಗಿ ಎರಡೂ ಕಾಲು ಒಟ್ಟಿಗೆ ಜಗ್ಗುವರು. ದಫ್ತರದಲ್ಲಿ ಬಿರುಗಾಳಿ ಎದ್ದು ಕಾಗದಗಳು ಹಾರಿದರೆ ಕೂಸಿಗೆ ಹೊಟ್ಟೆನೋವು ಎಂದು ನಾವು ತಿಳಿಯುತ್ತಿದ್ದೆವು.

ಚಳಿಯ ಗಾಳಿ

ಚಳಿಗಾಲ ಬಂತು. ಗಾಳಿ ಬೇಡವೆಂದರೆ ಚಾಚಾನೂ ಬೇಡ. ಅವರ ಮಗ ಪೊಲೀಸ್ ಆಕ್ಷನ್ನಿನ ಗಲಾಟೆಯ ದಿನಗಳಲ್ಲಿ ಮನೆಯಿಂದ ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಏನಾದನೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಸೊಸೆ, ಮೊಮ್ಮಕ್ಕಳು ಇವರ ಕಾಲಿನ ಮೇಲೇ ಬದುಕಿದ್ದರು. ಹಾಗಾಗಿ ಚಾಚಾ ಎಳೆಯುತ್ತಲೇ ಇದ್ದರು. ನಾವು ಕಂಬಳಿ ಹೊದ್ದು ನಡುಗಿದೆವೇ ಹೊರತು ಸಾಕು ಅನ್ನಲಿಲ್ಲ.

ಕಡೆಗೊಮ್ಮೆ ಸಾಹುಕಾರರು ಹಲ್ಲು ಕಟಕಟಿಸುತ್ತ ಮೇಲೆ ನೋಡಿದರು. ಚಾಚಾನ ಕೆಲಸ ಹೋಯಿತೆಂದುಕೊಂಡೆವು.

"ಚಾಚಾ, ಇಷ್ಟು ಗಾಳಿ ಹಾಳ ಹೊಂಟದಲ್ಲೋ!"

ಮರುದಿನದಿಂದ ಸಾಹುಕಾರರ ಹಸಿ ಧೋತರಗಳು ಒಣಗಲು ಪಂಖಾದ ಮೇಲೆ ಬಂದವು. ಚಾಚಾನ ಕೆಲಸ ಉಳಿಯಿತು. ಸಂತಪುರದ ದಲ್ಲಾಳಿಯೊಬ್ಬ ಹತ್ತಿಯ ದರ ಮಾತಾಡುತ್ತ ನೆತ್ತಿಗೆ ಬಿದ್ದ ಹನಿ ಒರೆಸಿಕೊಂಡು ಕೇಳಿದ: "ಯಾಕ್ರೀ, ಮಳಿನೂ ನಿಮ್ಮದೇ ಏನ್ರಿ?"

ಫ್ಯಾನು

ದೇಶ ಬಿಟ್ಟು ಹೋದ ಅಧಿಕಾರಿಯೊಬ್ಬರ ಬಂಗಲೆಯ ಸಾಮಾನು ಬೀದರಿನಲ್ಲಿ ಹರಾಜಾಯಿತು. ಸಾಹುಕಾರರು ಒಂದು ಬಿಜಲಿ ಫ್ಯಾನು ತಂದರು. ಬಿಜಲಿಯ ಕಂಬಗಳು ಇನ್ನೂ ಸ್ಟೇಷನ್ನಿನ ಹತ್ತಿರವೇ ಇದ್ದವು, ಊರೊಳಗೆ ಕರೆಂಟು ಬಂದಿರಲಿಲ್ಲ.

"ಬರೂದಂತೂ ಬರ್ತದ. ಅಗ್ಗಕ್ಕ ಸಿಕ್ತು," ಎಂದರು. ಪಂಖಾ ಇಳಿಸಿ ಅದರ ಬಟ್ಟೆಯಲ್ಲಿ ಚೀಲ ಹೊಲಿಸಿದರು. ಚಾಚಾಗೆ, "ಬಿಜಲಿ ಬರೂತನಕ ನೀ ಇರು," ಎಂದರು.

ಸೆಕೆ ಸುರುವಾಯಿತು. ತಂದ ಫ್ಯಾನು ಸುಮ್ಮನೆ ತೂಗುವುದನ್ನು ಸಾಹುಕಾರರಿಗೆ ನೋಡಲಾಗಲಿಲ್ಲ. ಚಾಚಾ ಸ್ಟೂಲಿನ ಮೇಲೆ ನಿಂತು ಬಿದಿರುಕೋಲಿನಿಂದ ಅದರ ರೆಕ್ಕೆ ನೂಕತೊಡಗಿದರು. ಗಾಳಿ ಬರಲಿಲ್ಲ, ಅವರ ಬೆವರು ಬಂತು.

ಔರಾದಿನ ವ್ಯಾಪಾರಿಯೊಬ್ಬರು ಒಳಗೆ ಬಂದು ಮೇಲೆ ನೋಡಿದರು. "ಏ ಸಾಹುಕಾರ್ರ, ಬಿಜಲಿ ಬಂತೇನ್ರಿ?"

"ಬಂದದ್ರಿ. ಸದ್ಯಕ್ಕ ಚಾಚಾನ ಮೈಯಾಗ ಅದ."

ಗಿರಣಿಯೇ ನಕ್ಕಿತು. ಚಾಚಾನೂ ನಕ್ಕರು, ನಗು ಕೆಮ್ಮಾಯಿತು. ಇಳಿದು ಬಂದು ನನ್ನ ಮೇಜಿನ ಹತ್ತಿರ ನಿಂತರು. ನನ್ನ ಟೈಪ್ ಮಷೀನಿನಲ್ಲಿ ಸಾಹುಕಾರರ ಅರ್ಜಿ ಅರ್ಧಕ್ಕೆ ನಿಂತಿತ್ತು: ಗಿರಣಿಗೆ ದಯವಿಟ್ಟು ಬೇಗ ಬಿಜಲಿ ಕೊಡಬೇಕು.

"ಬೇಟಿ, ನಿನಗ ಅಂಗ್ರೇಜಿ ಬರ್ತದ. ಬಿಜಲಿಯವರಿಗೆ ನಂದೂ ಒಂದು ಅರ್ಜಿ ಬರಿ. ಭಾಲ್ಕಿಗಿ ಇನ್ನೊಂದೆರಡು ವರ್ಷ ಬರಬ್ಯಾಡ್ರಿ, ಮೊಮ್ಮಕ್ಕಳು ದೊಡ್ಡವಾಗಲಿ ಅಂತ."

ನಾನು ಹೊಸ ಕಾಗದಕ್ಕೆ ಕೈ ಹಾಕಿದೆ. ಚಾಚಾ ಮಷೀನಿನ ಕಡೆ ಬಗ್ಗಿ ದನಿ ತಗ್ಗಿಸಿದರು.

"ಹೊಸಾ ಕಾಗದ ದಂಡ ಮಾಡಬ್ಯಾಡ ಬೇಟಿ, ಸಾಹುಕಾರ್ರು ಬೈತಾರ. ಇದರ ಹಿಂದೇ ಬರದುಬಿಡು."