ಮೇ ತಿಂಗಳಲ್ಲಿ ಹೊದಿಸಿದ ಶಾಲು

ಶಿಕಾರಿಪುರದ ಸ್ನೇಹಕೂಟದ ಅಧ್ಯಕ್ಷರಾದ ಪಂಚಾಕ್ಷರಪ್ಪನವರ ಸನ್ನಿಧಿಗೆ ಆನವಟ್ಟಿಯ ಹೊಲಿಗೆ ಟೀಚರ್ ನೀಲಾಂಬಿಕಳ ಶರಣು ಶರಣಾರ್ಥಿಗಳು.

ಮಾನ್ಯರೇ,

ಇಪ್ಪತ್ತೈದು ವರ್ಷ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯಲು ಕಲಿಸಿದ್ದಕ್ಕಾಗಿ ತಾವು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ತಗಡಿನ ಚಾವಣಿಯ ಸಭಾಭವನದಲ್ಲಿ ನನ್ನನ್ನು ಸನ್ಮಾನಿಸಿದ ಔದಾರ್ಯವನ್ನು ನನ್ನ ಮೈ ಇನ್ನೂ ಮರೆತಿಲ್ಲ. ಮೊದಲು ಜರಿ ಶಾಲು, ಅದರ ಮೇಲೆ ಏಲಕ್ಕಿ ಹಾರ, ಕೊನೆಗೆ ತಲೆಗೆ ಪೇಟ. ಅಷ್ಟರಲ್ಲಿ ಎದೆಯಿಂದ ಎದ್ದ ಬಿಸಿ ಕತ್ತು ಹತ್ತಿ, ಕಿವಿ ಸುಟ್ಟು, ಪೇಟದೊಳಗೆ ಸೇರಿಕೊಂಡಿತು. ನನಗೆ ಐವತ್ತೊಂದು; ಮುಟ್ಟು ನಿಂತು ಎಂಟು ತಿಂಗಳು. ಇದನ್ನು ಮೈಕಿನಲ್ಲಿ ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲದ್ದರಿಂದ, ಪೇಟವನ್ನು ಮುಖ್ಯ ಅತಿಥಿಗಳ ತೊಡೆಯ ಮೇಲಿಟ್ಟೆ, ಶಾಲನ್ನು ಕಿತ್ತೆಸೆದೆ, ತಾವು ಕೊಟ್ಟ ಸನ್ಮಾನಪತ್ರದಿಂದಲೇ ಗಾಳಿ ಬೀಸಿಕೊಂಡೆ. ಶಾಲು ತಮ್ಮ ಮುಖದ ಮೇಲೆ ಬಿದ್ದದ್ದು ಕೇವಲ ಅದರ ಸುಯೋಗ.

ನನ್ನ ನಂತರ ಕುರಿ ಸಾಕಣೆಗಾಗಿ ಸನ್ಮಾನ ಪಡೆಯಬೇಕಿದ್ದ ದುರುಗಮ್ಮ ನನ್ನನ್ನು ವೇದಿಕೆಯ ಹಿಂದಕ್ಕೆ ಎಳೆದೊಯ್ದು, ಕತ್ತಿಗೆ ಒಂದು ತಂಬಿಗೆ ನೀರು ಸುರಿದಳು. "ಹೆದರಬ್ಯಾಡ್ರಿ ಟೀಚರಮ್ಮ, ನಂಗೂ ಹೋದ ವರ್ಷ ಹಿಂಗಾದಾಗ ಕುರಿ ತೊಳೆಯೋ ಹೊಂಡಕ್ಕೆ ಇಳಿದುಬಿಟ್ಟಿದ್ದೆ" ಅಂದಳು. ನನ್ನ ಯಜಮಾನರು ಆರು ತಿಂಗಳಿಂದ ಪಿತ್ತವೆಂದು ಕೊಟ್ಟ ಕಷಾಯಗಳಿಗಿಂತ ಆ ಒಂದು ಮಾತು ಹೆಚ್ಚು ತಂಪು ಕೊಟ್ಟಿತು. ನಾಚಿಕೆಯಿಲ್ಲದೆ ಅಲ್ಲೇ ಅತ್ತೆ.

ಮರುದಿನ ಅವಳೇ ನನ್ನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಇದು ರೋಗವಲ್ಲ, ವಯಸ್ಸಿನ ದಾಟು ಎಂದ ಡಾಕ್ಟರಮ್ಮ, ತೆಳು ಹತ್ತಿ ಬಟ್ಟೆ ಉಡಿ, ಕಾಫಿ ಖಾರ ಕಡಿಮೆ ಮಾಡಿ, ದಿನಾ ನಡೆಯಿರಿ, ತಡೆಯಲಾಗದಿದ್ದರೆ ಔಷಧಿಯೂ ಇದೆ, ಸುಮ್ಮನೆ ಸಹಿಸಬೇಡಿ ಎಂದರು. ಈಗ ಬಿಸಿ ಬರುತ್ತದೆ, ಆದರೆ ಮೊದಲೇ ತಿಳಿಸಿ ಬಂದ ನೆಂಟರಂತೆ ಬಂದು ಹೋಗುತ್ತದೆ.

ತಾವಾದರೋ ನಾನು ಸ್ನೇಹಕೂಟವನ್ನು ಅವಮಾನಿಸಿದೆನೆಂದು, ನನ್ನ ಹುಡುಗಿಯರಿಗೆ ಕೊಡಬೇಕಿದ್ದ ನಾಲ್ಕು ಹೊಲಿಗೆ ಯಂತ್ರಗಳನ್ನು ತಡೆಹಿಡಿದು, ಕಾರಣ ಕೇಳಿ ನೋಟಿಸು ಕಳಿಸಿದ್ದೀರಿ. ಕಾರಣ ಮೇಲಿದೆ; ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇನ್ನು ಮುಂದೆ ನಲವತ್ತೈದು ದಾಟಿದ ಹೆಂಗಸರ ಸನ್ಮಾನವನ್ನು ಅಂಬ್ಲಿಗೊಳದ ಜಲಾಶಯದಲ್ಲಿ, ಸೊಂಟದುದ್ದ ನೀರಿನಲ್ಲಿ ಏರ್ಪಡಿಸಿ, ಶಾಲಿಗೆ ಬದಲು ಒದ್ದೆ ಟವೆಲ್ ಹೊದಿಸಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಯಂತ್ರಗಳನ್ನಾದರೂ ಕಳಿಸಿ. ಹುಡುಗಿಯರು ಕಾಯುತ್ತಿದ್ದಾರೆ, ಅವರದೇನೂ ತಪ್ಪಿಲ್ಲ.

ಬೆವರೊರೆಸಿಕೊಳ್ಳುತ್ತ,
ತಮ್ಮ ವಿಶ್ವಾಸಿ,
ನೀಲಾಂಬಿಕ

ತಾ.ಕ.: ತಮ್ಮ ಮನೆಯ ಫ್ರಿಜ್ಜಿನ ಬಾಗಿಲು ಮತ್ತೆ ಮತ್ತೆ ತೆರೆದೇ ಇರುತ್ತದೆಂದು ತಾವು ರಿಪೇರಿ ನಾಗರಾಜ್‌ನನ್ನು ಮೂರು ಸಲ ಕರೆಸಿದಿರಂತೆ. ಫ್ರಿಜ್ಜು ಸರಿಯಾಗಿದೆ. ಒಮ್ಮೆ ತಮ್ಮ ಶ್ರೀಮತಿಯವರನ್ನು ಕೇಳಿ ನೋಡಿ.